ಇಬ್ಬರು ನಾಯಕರ ಆಟ: ಪ್ರಣಯದ ಪಾಲಿನಲ್ಲಿ ಯಾರಿಗೆ ಬೆಣ್ಣೆ, ಯಾರಿಗೆ ಸುಣ್ಣ?

ವಯಸ್ಕರಿಗಾಗಿ ತಯಾರಾಗುವ ವಿಡಿಯೋ ಗೇಮ್‌ಗಳೆಂದರೆ ಗುಂಡು ಹಾರಿಸುವುದು, ಕತ್ತಿ ಝಳಪಿಸುವುದು ಅಷ್ಟೇ ಎಂಬ ಭಾವನೆ ಇಂದಿಗೂ ಹಲವರಲ್ಲಿದೆ. ಕಾದಂಬರಿಯಷ್ಟು ಉದ್ದದ ಕಥೆ, ಹತ್ತಾರು ಪೋಷಕ ಪಾತ್ರಗಳು, ಗೆಳೆತನ, ದ್ರೋಹ, ಪ್ರಣಯ ಎಲ್ಲವನ್ನೂ ಒಳಗೊಂಡ ಆಟಗಳು ಕಳೆದ ಎರಡೂವರೆ ದಶಕಗಳಲ್ಲಿ ಒಂದು ಪ್ರತ್ಯೇಕ ಪರಂಪರೆಯಾಗಿಯೇ ಬೆಳೆದಿವೆ. ಇವುಗಳಲ್ಲಿ ಬಹಳಷ್ಟು ಆಟಗಳು ಆರಂಭದಲ್ಲಿಯೇ ಆಡುವವರ ಮುಂದೆ ಒಂದು ಪ್ರಶ್ನೆ ಇಡುತ್ತವೆ: ಕಥೆಯ ಕೇಂದ್ರದಲ್ಲಿ ಇರಬೇಕಾದುದು ಗಂಡೋ, ಹೆಣ್ಣೋ?

ಪ್ರಶ್ನೆ ಸರಳ, ಪರಿಣಾಮ ಜಟಿಲ. ನಾಯಕನಾದರೂ ನಾಯಕಿಯಾದರೂ ಶತ್ರು ಒಬ್ಬನೇ, ಯುದ್ಧ ಒಂದೇ, ಮುಕ್ತಾಯವೂ ಹೆಚ್ಚುಕಡಿಮೆ ಒಂದೇ. ಬದಲಾಗುವುದು ಸುತ್ತಲಿನವರ ವರ್ತನೆ, ಅದರಲ್ಲೂ ಯಾರು ಯಾರಿಗೆ ಒಲಿಯುತ್ತಾರೆ ಎಂಬುದು. ಒಂದು ಪ್ರಣಯ ಕಥೆಗಾಗಿ ಸಂಭಾಷಣೆ ಬರೆಯಬೇಕು, ಕಲಾವಿದರಿಂದ ಧ್ವನಿ ಕೊಡಿಸಬೇಕು, ಮುಖಭಾವ ಮತ್ತು ಅಂಗಚಲನೆಗಳನ್ನು ಅನಿಮೇಷನ್‌ನಲ್ಲಿ ಮೂಡಿಸಬೇಕು. ಆಟವನ್ನು ಒಮ್ಮೆ ಮಾತ್ರ ಆಡುವವರು ಸಾಮಾನ್ಯವಾಗಿ ನೋಡುವುದು ಅವುಗಳಲ್ಲಿ ಒಂದನ್ನಷ್ಟೇ. ಉಳಿದವು ಅವರ ಪಾಲಿಗೆ ಇಲ್ಲದಂತೆಯೇ. ಹೀಗಾಗಿ ಖರ್ಚಿನ ಕತ್ತರಿ ಮೊದಲು ಬೀಳುವುದು ಇಲ್ಲಿಗೇ. ಆ ಕತ್ತರಿ ಯಾರ ಪಾಲನ್ನು ಕತ್ತರಿಸಿತು ಎಂಬುದನ್ನು ನೋಡುತ್ತ ಹೋದರೆ ಉದ್ಯಮದ ಒಳಗಿನ ಊಹೆಗಳು ಒಂದೊಂದಾಗಿ ಬಯಲಾಗುತ್ತವೆ.

ಮೂರಕ್ಕೆ ಒಂದರ ಕಾಲ

ಕೆನಡಾದ ಬಯೋವೇರ್ ಸಂಸ್ಥೆ 2000ರಲ್ಲಿ ಹೊರತಂದ ‘ಬಾಲ್ಡರ್ಸ್ ಗೇಟ್ 2’ ಈ ಪರಂಪರೆಗೆ ಅಡಿಪಾಯ ಹಾಕಿದ ಆಟಗಳಲ್ಲೊಂದು. ಅದರಲ್ಲಿ ಗಂಡು ಪಾತ್ರವನ್ನು ಆಯ್ದುಕೊಂಡವರಿಗೆ ಜಹೀರಾ, ಏರಿ, ವಿಕೋನಿಯಾ ಎಂಬ ಮೂವರು ಒಲಿಯಬಹುದಿತ್ತು. ಹೆಣ್ಣು ಪಾತ್ರವನ್ನು ಆಯ್ದುಕೊಂಡವರಿಗೆ ಇದ್ದವನು ಅನೋಮೆನ್ ಒಬ್ಬನೇ. ಬೇಕಾದರೆ ಅವನು, ಬೇಡವಾದರೆ ಒಂಟಿತನ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣ ಎಂಬ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗಲಿಕ್ಕಿಲ್ಲ. 13 ವರ್ಷಗಳ ಬಳಿಕ, 2013ರಲ್ಲಿ ಬೀಮ್‌ಡಾಗ್ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿ ಈ ಲೆಕ್ಕವನ್ನು ಸರಿಪಡಿಸಲು ಯತ್ನಿಸಿತು. ಹೊಸದಾಗಿ ಸೇರಿಸಿದ ನಾಲ್ವರಲ್ಲಿ ನೀರಾ ಗಂಡು ಪಾತ್ರಕ್ಕೆ, ರಸಾದ್ ಮತ್ತು ಹೆಕ್ಸಾಟ್ ಹೆಣ್ಣು ಪಾತ್ರಕ್ಕೆ, ಡಾರ್ನ್ ಇಬ್ಬರಿಗೂ ಒಲಿಯುವಂತಾಯಿತು. ಮೂರಕ್ಕೆ ಒಂದು ಇದ್ದದ್ದು ಐದಕ್ಕೆ ನಾಲ್ಕಾಯಿತು.

2004ರ ‘ಸ್ಟಾರ್ ವಾರ್ಸ್: ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2’ ಆಟದಲ್ಲಿ ಅಬ್ಸಿಡಿಯನ್ ಸಂಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿತ್ತು. ಅಲ್ಲಿ ಪ್ರಣಯ ಮಾತ್ರವಲ್ಲ, ಸಹಚರರ ತಂಡವೇ ಬದಲಾಗುತ್ತಿತ್ತು. ನಾಯಕ ಗಂಡಾದರೆ ‘ಹ್ಯಾಂಡ್‌ಮೇಡನ್’ ಎಂಬಾಕೆ ತಂಡ ಸೇರುತ್ತಾಳೆ, ಹೆಣ್ಣಾದರೆ ‘ಡಿಸೈಪಲ್’ ಎಂಬಾತ. ಎರಡನೆಯ ಬಾರಿ ಆಡುವವರಿಗೆ ಹೊಸ ಪಾತ್ರವೊಂದು ಸಿಗುತ್ತದೆಂಬುದು ಇದರ ಲಾಭ. ಮೊದಲ ಆಟದಲ್ಲಿಯೇ ಮೆಚ್ಚಿದ ಪಾತ್ರವನ್ನು ಕೇವಲ ನಾಯಕನ ಲಿಂಗದ ಕಾರಣಕ್ಕೆ ಕಳೆದುಕೊಳ್ಳಬೇಕೆಂಬುದು ನಷ್ಟ. ಪಾತ್ರವನ್ನೇ ಬಾಗಿಲ ಹೊರಗೆ ನಿಲ್ಲಿಸುವ ಈ ಕ್ರಮವನ್ನು ನಂತರದ ದೊಡ್ಡ ಆಟಗಳು ಅಷ್ಟಾಗಿ ಅನುಸರಿಸಲಿಲ್ಲ.

ಶೆಪರ್ಡ್ ಎಂಬ ಒಂದು ಹೆಸರು

ಚರ್ಚೆಗೆ ನಿಜವಾದ ತೂಕ ಬಂದದ್ದು ಬಯೋವೇರ್‌ನದೇ ‘ಮಾಸ್ ಎಫೆಕ್ಟ್’ ಸರಣಿಯಿಂದ. 2007, 2010 ಮತ್ತು 2012ರಲ್ಲಿ ಬಂದ ಮೂರು ಆಟಗಳ ಕಥಾಕೇಂದ್ರ ಕಮಾಂಡರ್ ಶೆಪರ್ಡ್. ಗಂಡು ಶೆಪರ್ಡ್‌ಗೆ ಮಾರ್ಕ್ ಮೀರ್, ಹೆಣ್ಣು ಶೆಪರ್ಡ್‌ಗೆ ಜೆನ್ನಿಫರ್ ಹೇಲ್ ಧ್ವನಿ ನೀಡಿದರು. ಆಡುವವರು ಮೊದಲ ಹೆಸರನ್ನು ಏನು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಉಳಿದ ಪಾತ್ರಗಳು ಕರೆಯುವುದು ‘ಶೆಪರ್ಡ್’ ಅಥವಾ ‘ಕಮಾಂಡರ್’ ಎಂದೇ. ಒಮ್ಮೆ ಮುದ್ರಿಸಿದ ಪೋಷಕ ಪಾತ್ರಗಳ ಮಾತು ಇಬ್ಬರಿಗೂ ಒಪ್ಪುವಂತೆ ಮಾಡಿದ ಜಾಣತನವಿದು. ಇಂಗ್ಲಿಷಿನಲ್ಲಿ ‘ಅವನು’, ‘ಅವಳು’ ಎಂಬ ಸರ್ವನಾಮಗಳನ್ನು ತಪ್ಪಿಸಿದರೆ ಅರ್ಧ ಕೆಲಸ ಮುಗಿಯಿತು. ಕ್ರಿಯಾಪದವೇ ಲಿಂಗವನ್ನು ಹೊತ್ತು ತರುವ ಕನ್ನಡದಲ್ಲಿ ಇದು ಇಷ್ಟು ಸುಲಭವಲ್ಲ. ‘ಕಮಾಂಡರ್ ಬಂದನು’, ‘ಕಮಾಂಡರ್ ಬಂದಳು’ ಎಂದು ಎರಡೆರಡು ಬಾರಿ ಧ್ವನಿಮುದ್ರಿಸಬೇಕು, ಇಲ್ಲವೇ ‘ಬಂದರು’ ಎಂಬ ಗೌರವ ಬಹುವಚನದ ಮೊರೆಹೋಗಬೇಕು. ಸೇನಾಧಿಕಾರಿಗೆ ಅದು ಸಲ್ಲುತ್ತದೆ, ಪ್ರೇಮಿಯ ಬಗ್ಗೆ ಮಾತನಾಡುವಾಗ ನಗೆಪಾಟಲಾದೀತು.

ಮೊದಲ ಆಟದ ಲೆಕ್ಕ ಸಮತೋಲನದ್ದೇ. ಗಂಡು ಶೆಪರ್ಡ್‌ಗೆ ಸಹಸೈನಿಕೆ ಆಶ್ಲಿ ವಿಲಿಯಮ್ಸ್, ಹೆಣ್ಣು ಶೆಪರ್ಡ್‌ಗೆ ಕೈಡನ್ ಅಲೆಂಕೊ, ಇಬ್ಬರಿಗೂ ಒಲಿಯಬಲ್ಲ ಅನ್ಯಗ್ರಹದ ವಿಜ್ಞಾನಿ ಲಿಯಾರಾ. ಕಥೆಯ ನಡುವೆ ವಿರ್ಮೈರ್ ಎಂಬ ಗ್ರಹದಲ್ಲಿ ಆಶ್ಲಿ ಮತ್ತು ಕೈಡನ್ ಪೈಕಿ ಒಬ್ಬರನ್ನಷ್ಟೇ ಉಳಿಸಿಕೊಳ್ಳಲು ಸಾಧ್ಯ. ಪ್ರೇಮಿಯನ್ನು ಉಳಿಸಿ ಗೆಳೆಯನನ್ನು ಬಲಿಕೊಡಬೇಕೇ ಎಂಬ ಸಂಕಟ ಇಬ್ಬರು ನಾಯಕರಿಗೂ ಕನ್ನಡಿಯಲ್ಲಿ ಕಂಡಂತೆ ಸಮನಾಗಿ ಎದುರಾಗುತ್ತದೆ. ಇಡೀ ಸರಣಿಯಲ್ಲಿ ಪ್ರಣಯ ಮತ್ತು ಮುಖ್ಯಕಥೆ ಇಷ್ಟು ಹದವಾಗಿ ಬೆಸೆದುಕೊಂಡ ಮತ್ತೊಂದು ಪ್ರಸಂಗ ಇಲ್ಲವೆಂದೇ ಹೇಳಬೇಕು.

ಎರಡನೆಯ ಆಟದಲ್ಲಿ ಪಟ್ಟಿ ಬೆಳೆಯಿತು. ಗಂಡು ಶೆಪರ್ಡ್‌ಗೆ ಮಿರಾಂಡಾ, ಟಾಲಿ, ಜ್ಯಾಕ್. ಹೆಣ್ಣು ಶೆಪರ್ಡ್‌ಗೆ ಜೇಕಬ್, ಗ್ಯಾರಸ್, ಥೇನ್. ಆರೂ ಮಂದಿ ಜತೆಗೆ ನಿಂತು ಹೋರಾಡುವ ತಂಡದವರೇ. ಮೂರಕ್ಕೆ ಮೂರು, ತಲೆ ಎಣಿಕೆಯಲ್ಲಿ ಯಾರೂ ದೂರುವಂತಿಲ್ಲ.

ಲೆಕ್ಕ ತಪ್ಪಿದ್ದು ಎರಡು ವರ್ಷಗಳ ನಂತರ, ಮೂರನೆಯ ಆಟದಲ್ಲಿ. ಹಿಂದಿನ ಆಟದ ಪ್ರಣಯವನ್ನು ಮುಂದುವರಿಸಬಹುದೆಂಬುದು ಈ ಸರಣಿಯ ಹೆಗ್ಗಳಿಕೆ. ಗಂಡು ಶೆಪರ್ಡ್ ಪಾಲಿಗೆ ಅದು ನಿಜವಾಯಿತು. ಮಿರಾಂಡಾ, ಟಾಲಿ, ಜ್ಯಾಕ್ ಮೂವರಲ್ಲಿ ಯಾರೊಂದಿಗೆ ಒಲವಿದ್ದರೂ ಅದನ್ನು ಮುಂದಕ್ಕೆ ಒಯ್ಯುವ ದಾರಿಯಿತ್ತು. ಹೆಣ್ಣು ಶೆಪರ್ಡ್ ಕಥೆ ಬೇರೆ. ಜೇಕಬ್ ಅಷ್ಟರಲ್ಲಿ ಬ್ರಿನ್ ಎಂಬ ವಿಜ್ಞಾನಿಯ ಕೈಹಿಡಿದಿದ್ದ, ಆಕೆ ಗರ್ಭಿಣಿಯೂ ಆಗಿದ್ದಳು. ಹಳೆಯ ಪ್ರೇಯಸಿಗೆ ಉಳಿದದ್ದು ಒಂದೆರಡು ಮಾತಿನ ಸಮಜಾಯಿಷಿ. ವಾಸಿಯಾಗದ ಶ್ವಾಸಕೋಶದ ರೋಗದಿಂದ ನರಳುತ್ತಿದ್ದ ಥೇನ್ ದಾಳಿಯೊಂದರಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯುತ್ತಾನೆ. ಆಡುವವರು ಏನೇ ಮಾಡಿದರೂ ಅವನನ್ನು ಉಳಿಸಿಕೊಳ್ಳಲಾಗದು. ಮೂವರಲ್ಲಿ ಕೊನೆಯವರೆಗೆ ಜತೆಗಿದ್ದವನು ಗ್ಯಾರಸ್ ಮಾತ್ರ.

ಥೇನ್ ಸಾವು ಚೆನ್ನಾಗಿ ಬರೆದ ದೃಶ್ಯ ಎಂಬುದರಲ್ಲಿ ಎರಡು ಮಾತಿಲ್ಲ. ಆತನ ಕಾಯಿಲೆಯ ಸೂಚನೆ ಎರಡನೆಯ ಆಟದಲ್ಲಿಯೇ ಇತ್ತು. ಆಕ್ಷೇಪ ಇರುವುದು ಆ ಒಂದು ದೃಶ್ಯದ ಬಗ್ಗೆ ಅಲ್ಲ. ಒಬ್ಬ ಪ್ರೇಮಿ ಸಾಯಬೇಕು, ಇನ್ನೊಬ್ಬ ಬಿಟ್ಟುಹೋಗಬೇಕು ಎಂದು ತೀರ್ಮಾನವಾದಾಗ ಎರಡೂ ಒಬ್ಬಳದೇ ಪಾಲಿಗೆ ಬಂದವಲ್ಲ ಎಂಬುದೇ ಪ್ರಶ್ನೆ. ಕಥೆಗಾರರು ಪಾತ್ರಗಳನ್ನು ಒಂದೊಂದಾಗಿ ಬರೆದರು. ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡುವ ಕೆಲಸ ನಡೆದಂತೆ ಕಾಣುವುದಿಲ್ಲ.

ಮಾರಾಟದ ಲೆಕ್ಕಾಚಾರದ ನೆರಳೂ ಇಲ್ಲಿದೆ. ಹೆಣ್ಣು ಶೆಪರ್ಡ್ ಆಗಿ ಆಡುವವರು ಶೇ 18ರಷ್ಟು ಮಾತ್ರ ಎಂದು ಸಂಸ್ಥೆಯ ಮಾರುಕಟ್ಟೆ ವಿಭಾಗ 2011ರಲ್ಲಿ ತಿಳಿಸಿತ್ತು. ಆ ಹೊತ್ತಿಗೆ ಬಂದಿದ್ದ ಎರಡು ಆಟಗಳ ಮುಖಪುಟದಲ್ಲಿಯೂ ಜಾಹೀರಾತಿನಲ್ಲಿಯೂ ಮೆರೆದವನು ಗಂಡು ಶೆಪರ್ಡ್ ಎಂಬುದನ್ನು ಮರೆಯುವಂತಿಲ್ಲ. ಮೂರೂ ಆಟಗಳನ್ನು ಒಟ್ಟುಗೂಡಿಸಿ 2021ರಲ್ಲಿ ಮತ್ತೆ ಹೊರತಂದಾಗ ಸಂಸ್ಥೆ ಪ್ರಕಟಿಸಿದ ಅಂಕಿಅಂಶದಂತೆ ಹೆಣ್ಣು ಶೆಪರ್ಡ್ ಪಾಲು ಶೇ 32. ಜನ ಆರಿಸುವುದಿಲ್ಲವೆಂದು ತೋರಿಸಲಿಲ್ಲವೋ, ತೋರಿಸಲಿಲ್ಲವೆಂದು ಜನ ಆರಿಸಲಿಲ್ಲವೋ? ಬೀಜ-ವೃಕ್ಷದ ವಾದವಿದು.

ಯುದ್ಧಕ್ಕೆ ಬಾರದ ಪ್ರೇಮಿಗಳು

ಗಂಡು-ಹೆಣ್ಣಿನ ಲೆಕ್ಕದ ಜತೆಗೆ ಸಲಿಂಗ ಪ್ರೇಮದ ಲೆಕ್ಕವೂ ಸೇರಿದಾಗ ತಕ್ಕಡಿಗೆ ಎರಡಲ್ಲ, ನಾಲ್ಕು ತಟ್ಟೆಗಳಾದವು. 2008ರಲ್ಲಿ ಅಮೆರಿಕದ ಫಾಕ್ಸ್ ನ್ಯೂಸ್ ವಾಹಿನಿ ಮೊದಲ ‘ಮಾಸ್ ಎಫೆಕ್ಟ್’ ಆಟದ ಪ್ರಣಯ ದೃಶ್ಯಗಳ ಮೇಲೆ ಹರಿಹಾಯ್ದಿತ್ತು. ಎರಡನೆಯ ಆಟದ ಜ್ಯಾಕ್ ಪಾತ್ರವನ್ನು ಬರೆದ ಬ್ರಯಾನ್ ಕಿಂಡ್ರೆಗನ್ 2021ರಲ್ಲಿ ನೀಡಿದ ಸಂದರ್ಶನವೊಂದರಲ್ಲಿ, ಆ ಪಾತ್ರ ತಯಾರಿಕೆಯ ಬಹುಕಾಲ ಗಂಡು-ಹೆಣ್ಣು ಭೇದವಿಲ್ಲದೆ ಒಲಿಯುವಂತೆ ಯೋಜಿತವಾಗಿತ್ತು, ಆ ವಿವಾದದ ಬಳಿಕ ಹಿಂದೆ ಸರಿಯಲಾಯಿತು ಎಂದು ವಿವರಿಸಿದರು. ಪೋಷಕ ಪಾತ್ರವೊಂದು ಯಾರನ್ನು ಪ್ರೀತಿಸಬಹುದು ಎಂಬುದು ಕಥೆಯ ಅಗತ್ಯದಿಂದ ಅಲ್ಲ, ದೂರದರ್ಶನದ ಭಯದಿಂದ ನಿರ್ಧಾರವಾಯಿತು ಎಂದಾಯಿತು.

ಮೂರನೆಯ ಆಟದಲ್ಲಿ ಸಂಸ್ಥೆ ಧೈರ್ಯ ತೋರಿತು. ಗಂಡು ಶೆಪರ್ಡ್‌ಗೆ ಮಾತ್ರ ಒಲಿಯುವ ವಿಮಾನ ಚಾಲಕ ಸ್ಟೀವ್ ಕಾರ್ಟೆಜ್, ಹೆಣ್ಣು ಶೆಪರ್ಡ್‌ಗೆ ಮಾತ್ರ ಒಲಿಯುವ ಸಂಪರ್ಕ ತಜ್ಞೆ ಸಮಂತಾ ಟ್ರೇನರ್ ಪ್ರವೇಶಿಸಿದರು. ಕೈಡನ್ ಗಂಡು ಶೆಪರ್ಡ್‌ಗೂ ಒಲಿಯುವಂತಾದ. ಆದರೆ ಹೊಸಬರಿಬ್ಬರೂ ಹಡಗಿನ ಸಿಬ್ಬಂದಿ, ಯುದ್ಧಕ್ಕೆ ಇಳಿಯುವವರಲ್ಲ. ಆಡುವವರು ಹೆಚ್ಚು ಹೊತ್ತು ಕಳೆಯುವುದು ರಣರಂಗದಲ್ಲಿ. ಅಲ್ಲಿ ಪಕ್ಕದಲ್ಲಿ ನಿಂತು ಮಾತಾಡುವ, ಗೊಣಗುವ, ಎಚ್ಚರಿಸುವ ಪಾತ್ರಕ್ಕೂ ನಡುನಡುವೆ ಹಡಗಿಗೆ ಮರಳಿದಾಗ ಮಾತ್ರ ಸಿಗುವ ಪಾತ್ರಕ್ಕೂ ಅಜಗಜಾಂತರ.

2017ರ ‘ಮಾಸ್ ಎಫೆಕ್ಟ್: ಆಂಡ್ರೊಮೆಡಾ’ ಇದೇ ಗುಂಡಿಗೆ ಮತ್ತೆ ಬಿತ್ತು. ಇಲ್ಲಿನ ನಾಯಕರು ಅವಳಿಗಳು: ಸಾರಾ ರೈಡರ್ ಮತ್ತು ಸ್ಕಾಟ್ ರೈಡರ್. ಒಬ್ಬರನ್ನು ಆರಿಸಿದರೆ ಮತ್ತೊಬ್ಬರು ಅಪಘಾತಕ್ಕೆ ಸಿಕ್ಕಿ ಕಥೆಯ ದೊಡ್ಡ ಭಾಗವನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ಕಳೆಯುತ್ತಾರೆ. ಗಂಡನ್ನು ಪ್ರೀತಿಸಲು ಬಯಸುವ ಸ್ಕಾಟ್‌ಗೆ ಹೋರಾಟದ ತಂಡದಲ್ಲಿ ಯಾರೂ ಇರಲಿಲ್ಲ, ಹಡಗಿನ ಎಂಜಿನಿಯರ್ ಗಿಲ್ ಇದ್ದ. ಆಕ್ಷೇಪಗಳು ಬಂದವು. ಆಟ ಬಿಡುಗಡೆಯಾಗಿ ಮೂರು ತಿಂಗಳೊಳಗೆ, ಜೂನ್ 2017ರ ತಿದ್ದುಪಡಿಯಲ್ಲಿ, ಅಲ್ಲಿಯವರೆಗೆ ಸಾರಾಗೆ ಮಾತ್ರ ಒಲಿಯುತ್ತಿದ್ದ ಜಾಲ್ ಎಂಬ ಸಹಯೋಧ ಸ್ಕಾಟ್‌ಗೂ ಒಲಿಯುವಂತೆ ಬದಲಾವಣೆ ಮಾಡಲಾಯಿತು. ತಪ್ಪನ್ನು ಒಪ್ಪಿ ತಿದ್ದಿದ ಅಪರೂಪದ ನಿದರ್ಶನವೆಂದು ಇದನ್ನು ಹೆಸರಿಸಲೇಬೇಕು.

ಎಲ್ಲರಿಗೂ ಒಲಿದರೆ ಸಾಕೇ?

ಹಾಗಿದ್ದರೆ ಎಲ್ಲ ಪಾತ್ರಗಳೂ ಇಬ್ಬರಿಗೂ ಒಲಿಯುವಂತೆ ಮಾಡಿಬಿಟ್ಟರೆ ಜಗಳವೇ ಇರುವುದಿಲ್ಲವಲ್ಲ ಎಂಬ ವಾದ ಸಹಜ. ಬಯೋವೇರ್ ತನ್ನ ಇನ್ನೊಂದು ಸರಣಿಯಲ್ಲಿ ಅದನ್ನೂ ಪ್ರಯೋಗಿಸಿತು. 2011ರ ‘ಡ್ರ್ಯಾಗನ್ ಏಜ್ 2’ ಆಟದ ಆಂಡರ್ಸ್, ಫೆನ್ರಿಸ್, ಇಸಬೆಲಾ, ಮೆರಿಲ್ ನಾಲ್ವರೂ ನಾಯಕ ಹಾಕ್‌ಗೆ, ಆತ ಗಂಡಾಗಲಿ ಹೆಣ್ಣಾಗಲಿ, ಒಲಿಯಬಲ್ಲರು. ಕಡಿಮೆ ಖರ್ಚಿನಲ್ಲಿ ಎಲ್ಲರಿಗೂ ಸಮಪಾಲು. ಆದರೂ ಸೂಕ್ಷ್ಮವಾಗಿ ನೋಡಿದರೆ ಒಂದು ಬಿರುಕು ಕಾಣುತ್ತದೆ. ಗಂಡು ಹಾಕ್ ಎದುರು ಆಂಡರ್ಸ್ ತನ್ನ ಮೊದಲ ಪ್ರೇಮಿ ಕಾರ್ಲ್ ಎಂಬಾತನ ವಿಷಯ ಬಿಚ್ಚಿಡುತ್ತಾನೆ, ಹೆಣ್ಣು ಹಾಕ್ ಎದುರು ಅದನ್ನು ಹೇಳುವುದಿಲ್ಲ. ಕೇಳುವವರು ಯಾರೆಂಬುದರ ಮೇಲೆ ಪಾತ್ರದ ಪೂರ್ವಕಥೆಯೇ ಬದಲಾದಂತೆ ಭಾಸವಾಗುತ್ತದೆ.

2014ರ ‘ಡ್ರ್ಯಾಗನ್ ಏಜ್: ಇನ್‌ಕ್ವಿಸಿಷನ್’ ಈ ಹಾದಿ ಬಿಟ್ಟು, ಪ್ರತಿ ಪಾತ್ರಕ್ಕೂ ಅದರದೇ ಒಲವನ್ನು ನಿಗದಿ ಮಾಡಿತು. ಗಂಡು ನಾಯಕನಿಗೆ ಕಸಾಂಡ್ರಾ, ಜೋಸೆಫೀನ್, ಡೋರಿಯನ್, ಐರನ್ ಬುಲ್ ಎಂಬ ನಾಲ್ವರು. ಹೆಣ್ಣು ನಾಯಕಿಯ ಲೆಕ್ಕ ಆಕೆಯ ಕುಲವನ್ನು ಅವಲಂಬಿಸಿತ್ತು: ಕುಬ್ಜ ಅಥವಾ ಕುನಾರಿ ಕುಲದವಳಾದರೆ ನಾಲ್ವರು, ಮನುಷ್ಯಳಾದರೆ ಐವರು, ಎಲ್ಫ್ ಆದರೆ ಆರು. ಸೋಲಸ್ ಎಂಬ ಪಾತ್ರ ಒಲಿಯುವುದು ಎಲ್ಫ್ ಹೆಣ್ಣಿಗೆ ಮಾತ್ರ. ಮುಂದಿನ ಆಟದ ಕಥೆಯೇ ಆತನ ಸುತ್ತ ತಿರುಗುವುದರಿಂದ ಆ ಒಂದು ಆಯ್ಕೆಯ ತೂಕ ಉಳಿದೆಲ್ಲಕ್ಕಿಂತ ಹೆಚ್ಚು. ಬೆಣ್ಣೆ ಇಲ್ಲಿ ಹೆಣ್ಣು ನಾಯಕಿಯ ಕಡೆಗಿತ್ತು ಎಂಬುದು ವಿಶೇಷ.

ಈ ಕ್ರಮದ ಸಮರ್ಥನೆಗೆ ಡೋರಿಯನ್ ಒಬ್ಬನೇ ಸಾಕು. ಗಂಡನ್ನೇ ಪ್ರೀತಿಸುವ ಮಗನ ಸ್ವಭಾವವನ್ನು ಮಂತ್ರಬಲದಿಂದ ಬದಲಿಸಹೊರಟ ತಂದೆ, ಅದರಿಂದ ಮನೆ ತೊರೆದ ಮಗ. ಇದು ಅವನ ಕಥೆ. ಹೆಣ್ಣಿಗೂ ಒಲಿಯುವವನಾಗಿದ್ದರೆ ತಂದೆ-ಮಗನ ಆ ಮುಖಾಮುಖಿಗೆ ಬುಡವೇ ಇರುತ್ತಿರಲಿಲ್ಲ. ಅವನನ್ನು ಪ್ರೀತಿಸದ ನಾಯಕನಿಗೂ ಅವನ ಗೆಳೆತನ ಸಿಗುತ್ತದೆ, ಕಥೆಯೂ ಪೂರ್ತಿ ತೆರೆದುಕೊಳ್ಳುತ್ತದೆ. ಒಲಿಯದ ಪಾತ್ರವೂ ನಷ್ಟವೆನಿಸದಂತೆ ಬರೆಯುವುದು ಹೀಗೆ.

ಇತ್ತೀಚಿನ ಒಲವು ಮತ್ತೆ ಮುಕ್ತದ್ವಾರದತ್ತ ಸರಿದಿದೆ. ಬೆಲ್ಜಿಯಂನ ಲಾರಿಯನ್ ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಆಟದಲ್ಲಿ (2023) ಆಸ್ಟಾರಿಯನ್, ಶ್ಯಾಡೋಹಾರ್ಟ್, ಕಾರ್ಲಾಕ್ ಮೊದಲಾದ ಪ್ರಮುಖ ಸಹಚರರು ಯಾರಿಗಾದರೂ ಒಲಿಯುತ್ತಾರೆ. 2024ರ ‘ಡ್ರ್ಯಾಗನ್ ಏಜ್: ದಿ ವೇಲ್‌ಗಾರ್ಡ್’ ಆಟದ ಏಳೂ ಸಹಚರರು ಕೂಡ. ಎಲ್ಲರೂ ನಾಯಕನ ಒಂದು ಮಾತಿಗಾಗಿ ಕಾದು ನಿಂತಂತೆ ಕಾಣುವುದು ಈ ವಿಧಾನದ ದೊಡ್ಡ ಅಪಾಯ. ‘ವೇಲ್‌ಗಾರ್ಡ್’ ಅದಕ್ಕೊಂದು ಮದ್ದು ಹುಡುಕಿದೆ: ನಾಯಕ ಒಲಿಸಿಕೊಳ್ಳದಿದ್ದರೆ ನೀವ್ ಮತ್ತು ಲುಕಾನಿಸ್ ಪರಸ್ಪರ ಹತ್ತಿರವಾಗುತ್ತಾರೆ, ಹಾರ್ಡಿಂಗ್ ಮತ್ತು ತಾಶ್ ಕೂಡ. ‘ಮಾಸ್ ಎಫೆಕ್ಟ್ 3’ ಕೂಡ ಇದನ್ನು ಚಿಕ್ಕದಾಗಿ ಮಾಡಿತ್ತು. ಶೆಪರ್ಡ್ ಕೈಹಿಡಿಯದಿದ್ದಲ್ಲಿ ಗ್ಯಾರಸ್ ಮತ್ತು ಟಾಲಿ ಒಂದಾಗಿರುವುದು ಕೊನೆಗೆ ಗೊತ್ತಾಗುತ್ತದೆ. ಹಲವು ಅಭಿಮಾನಿಗಳು ಇಂದಿಗೂ ನೆನೆಯುವ ದೃಶ್ಯವದು. ಪೋಷಕ ಪಾತ್ರಗಳಿಗೆ ನಾಯಕನ ಹೊರತಾದ ಬದುಕು ಇದೆ ಎಂಬ ಭರವಸೆಯನ್ನು ಕೆಲವೇ ಸೆಕೆಂಡುಗಳಲ್ಲಿ ಅದು ಕೊಟ್ಟುಬಿಡುತ್ತದೆ.

ಅಣ್ಣ-ತಂಗಿಯರ ಗ್ರೀಸ್

ಯುಬಿಸಾಫ್ಟ್ ಸಂಸ್ಥೆಯ ‘ಅಸಾಸಿನ್ಸ್ ಕ್ರೀಡ್’ ಸರಣಿಯ ದಾರಿ ಬೇರೆ. 2015ರ ‘ಸಿಂಡಿಕೇಟ್’ ಆಟದಲ್ಲಿ ಈವೀ ಮತ್ತು ಜೇಕಬ್ ಫ್ರೈ ಎಂಬ ಅವಳಿಗಳು ಇಬ್ಬರೂ ಒಂದೇ ಕಥೆಯಲ್ಲಿರುತ್ತಾರೆ. ಈವೀಯ ಪ್ರಣಯ ಹೆನ್ರಿ ಗ್ರೀನ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿರುವ ಭಾರತೀಯ ಜಯದೀಪ್ ಮೀರ್ ಜತೆ, ಆಡುವವರಿಗೆ ಅದರಲ್ಲಿ ಆಯ್ಕೆ ಇಲ್ಲ. ಅವಳಿಗಳಿಗೆ ಸಮಪಾಲು ಎಂದು ಮೊದಲಿಗೆ ಯೋಜಿಸಿದ್ದರೂ ಕೊನೆಗೆ ಈವೀಯ ಭಾಗ ಕುಗ್ಗಿತೆಂದು ಬ್ಲೂಮ್‌ಬರ್ಗ್ 2020ರಲ್ಲಿ ವರದಿ ಮಾಡಿತ್ತು. 2018ರ ‘ಒಡಿಸ್ಸಿ’ಯನ್ನು ಕಸಾಂಡ್ರಾ ಒಬ್ಬಳ ಕಥೆಯಾಗಿಸುವ ಪ್ರಸ್ತಾಪವೂ ತಿರಸ್ಕೃತವಾಗಿತ್ತೆಂದು ಅದೇ ವರದಿ ಹೇಳಿತು.

ತೆರೆಗೆ ಬಂದ ‘ಒಡಿಸ್ಸಿ’ಯಲ್ಲಿ ಕಸಾಂಡ್ರಾ, ಅಲೆಕ್ಸಿಯೋಸ್ ಇಬ್ಬರಲ್ಲಿ ಒಬ್ಬರನ್ನು ಆರಿಸಬೇಕು. ಆರಿಸದೆ ಬಿಟ್ಟವರು ‘ಡೀಮೋಸ್’ ಎಂಬ ಶತ್ರುವಾಗಿ ಎದುರು ನಿಲ್ಲುತ್ತಾರೆ. ಬಿಟ್ಟ ಪಾತ್ರವನ್ನು ವ್ಯರ್ಥ ಮಾಡದ ಈ ಉಪಾಯ ಆಂಡ್ರೊಮೆಡಾದ ನಿದ್ದೆಗಿಂತ ಎಷ್ಟೋ ಮೇಲು. ಪ್ರಣಯದ ಆಯ್ಕೆಗಳು ಇಬ್ಬರಿಗೂ ಒಂದೇ, ಆದರೆ ಹೆಚ್ಚಿನವು ದಾರಿಯಲ್ಲಿ ಸಿಕ್ಕು ದಾರಿಯಲ್ಲೇ ಮರೆಯಾಗುವಂಥವು. ಮನಸ್ಸಿನಲ್ಲಿ ಉಳಿಯುವುದು ಪ್ರಣಯಕ್ಕೆ ಒಳಪಡದ ಹಡಗಿನ ನಾಯಕ ಬಾರ್ನಬಸ್.

ಎಡವಿದ್ದು ಜನವರಿ 2019ರ ಹೆಚ್ಚುವರಿ ಅಧ್ಯಾಯದಲ್ಲಿ. ಅಲ್ಲಿಯವರೆಗೆ ಯಾರನ್ನು ಬೇಕಾದರೂ ಪ್ರೀತಿಸಬಹುದು, ಪ್ರೀತಿಸದೆಯೂ ಇರಬಹುದು ಎಂದಿದ್ದ ಆಟ, ಏಕಾಏಕಿ ಕಸಾಂಡ್ರಾಗೆ ನಟಾಕಸ್ ಜತೆ, ಅಲೆಕ್ಸಿಯೋಸ್‌ಗೆ ನೀಮಾ ಜತೆ ಮಗುವಾಯಿತು ಎಂದುಬಿಟ್ಟಿತು. ಆಡುವವರ ಹಿಂದಿನ ಆಯ್ಕೆಗಳಿಗೆ ಬೆಲೆಯೇ ಇರಲಿಲ್ಲ. ಕಸಾಂಡ್ರಾಳನ್ನು ಹೆಣ್ಣನ್ನೇ ಪ್ರೀತಿಸುವವಳನ್ನಾಗಿ ಹತ್ತಾರು ಗಂಟೆ ಆಡಿದವರಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಸಂಸ್ಥೆ ಕ್ಷಮೆ ಕೋರಿತು, ಸಂಭಾಷಣೆಯನ್ನೂ ದೃಶ್ಯವನ್ನೂ ತಿದ್ದಿತು. ಮಗು ಮಾತ್ರ ಉಳಿಯಿತು, ಏಕೆಂದರೆ ಸರಣಿಯ ವಂಶವೃಕ್ಷಕ್ಕೆ ಅದು ಬೇಕಿತ್ತು. 2025ರ ‘ಶ್ಯಾಡೋಸ್’ ಆಟದಲ್ಲಿ ನವೋಯೆ ಮತ್ತು ಯಾಸುಕೆ ಇಬ್ಬರೂ ಕಥೆಯುದ್ದಕ್ಕೂ ಇರುತ್ತಾರೆ, ನವೋಯೆಗೆ ಒಲಿಯುವವರು ಬೇರೆ, ಯಾಸುಕೆಗೆ ಬೇರೆ. ಈ ಪ್ರಣಯಗಳು ಮುಖ್ಯಕಥೆಯನ್ನು ಮುಟ್ಟದೆ ಬದಿಯಲ್ಲೇ ಹಾದುಹೋಗುತ್ತವೆ.

ವಿ ಎಂಬ ಒಂದಕ್ಷರ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆ ಡಿಸೆಂಬರ್ 2020ರಲ್ಲಿ ಹೊರತಂದ ‘ಸೈಬರ್‌ಪಂಕ್ 2077’ ಆಟದ ನಾಯಕನ ಹೆಸರು ಬರೀ ‘ವಿ’. ಇಲ್ಲಿ ದೇಹ ಮತ್ತು ಧ್ವನಿಯನ್ನು ಪ್ರತ್ಯೇಕವಾಗಿ ಆರಿಸಬಹುದು. ಪ್ರಮುಖ ಪ್ರಣಯಗಳು ನಾಲ್ಕು. ಪನಾಮ್ ಒಲಿಯುವುದು ಗಂಡು ದೇಹಕ್ಕೆ, ರಿವರ್ ಹೆಣ್ಣು ದೇಹಕ್ಕೆ. ಜೂಡಿಗೆ ದೇಹವೂ ಧ್ವನಿಯೂ ಹೆಣ್ಣಿನದೇ ಆಗಬೇಕು, ಕೆರಿಗೆ ಎರಡೂ ಗಂಡಿನದೇ. ನಾಲ್ಕು ತಟ್ಟೆಗಳಿಗೂ ಒಬ್ಬೊಬ್ಬರು, ಕಾಗದದ ಮೇಲೆ ಇದಕ್ಕಿಂತ ಸಮನಾದ ಹಂಚಿಕೆ ಸಾಧ್ಯವಿಲ್ಲ.

ಕಥೆಯೊಳಗೆ ಇಳಿದಾಗ ಚಿತ್ರ ಬದಲಾಗುತ್ತದೆ. ಪನಾಮ್ ಮತ್ತು ಜೂಡಿ ಇಬ್ಬರೂ ಮುಖ್ಯಕಥೆಯಲ್ಲಿಯೇ ಎದುರಾಗುತ್ತಾರೆ, ಅವರನ್ನು ಭೇಟಿಯಾಗದೆ ಮುಂದೆ ಹೋಗುವಂತಿಲ್ಲ. ಪನಾಮ್‌ಳ ಅಲೆಮಾರಿ ಬಳಗ ಕಥೆಯ ಮುಕ್ತಾಯಗಳಲ್ಲೊಂದಕ್ಕೆ ದಾರಿಯನ್ನೇ ತೆರೆಯುತ್ತದೆ, ಅದೇ ಮುಕ್ತಾಯದಲ್ಲಿ ಜೂಡಿ ತನ್ನ ಪ್ರೇಯಸಿಯೊಂದಿಗೆ ಊರು ಬಿಟ್ಟು ಹೊರಡುತ್ತಾಳೆ. ಮಾಜಿ ಪೊಲೀಸ್ ಪತ್ತೇದಾರ ರಿವರ್ ಸಿಗುವುದು ಉಪಕಥೆಯೊಂದರಲ್ಲಿ, ಅದನ್ನು ಕೈಗೆತ್ತಿಕೊಳ್ಳದಿದ್ದರೆ ಅಂಥವನೊಬ್ಬ ಇದ್ದನೆಂದೂ ತಿಳಿಯದು. ಸಂಗೀತಗಾರ ಕೆರಿ ಬರುವುದು ಕಥೆ ಮುಗಿಯುವ ಹೊತ್ತಿಗೆ, ಅದೂ ಉಪಕಥೆಗಳ ಸರಪಳಿಯ ತುದಿಯಲ್ಲಿ. ಅಂದರೆ ಪ್ರೇಮಿ ಹೆಣ್ಣಾಗಿರಬೇಕೆಂದು ಬಯಸುವವರಿಗೆ, ಅವರು ಗಂಡಾಗಲಿ ಹೆಣ್ಣಾಗಲಿ, ಕಥೆಯ ನಡುಮನೆಯಲ್ಲಿ ಜಾಗ. ಪ್ರೇಮಿ ಗಂಡಾಗಿರಬೇಕೆನ್ನುವವರಿಗೆ ಜಗುಲಿ. ಜೇಕಬ್ ಮತ್ತು ಥೇನ್ ಪ್ರಸಂಗದಲ್ಲಿ, ಗಿಲ್ ವಿಷಯದಲ್ಲಿ, ಅದಕ್ಕೂ ಹಿಂದೆ ಅನೋಮೆನ್ ವಿಷಯದಲ್ಲಿ ಕಂಡದ್ದೂ ಇದೇ. ನಾಯಕನ ಪಾತ್ರ ಯಾರದಾದರೂ ಇರಲಿ, ತೆರೆಯ ಮುಂದೆ ಕುಳಿತವನು ಹೆಣ್ಣನ್ನು ನೋಡಬಯಸುವ ಗಂಡಸು ಎಂಬ ಹಳೆಯ ಊಹೆ ಹಂಚಿಕೆಯ ಒಳಗೆ ಕುಳಿತೇ ಇದೆ.

ಡಿಸೆಂಬರ್ 2023ರಲ್ಲಿ ಬಂದ 2.1ನೇ ಪರಿಷ್ಕರಣೆಯಲ್ಲಿ, ಒಲಿದ ಸಂಗಾತಿಯನ್ನು ವಿ ತನ್ನ ಮನೆಗೆ ಕರೆದು ಜತೆಯಲ್ಲಿ ಸಮಯ ಕಳೆಯುವ ಸೌಲಭ್ಯ ಸೇರಿತು. ಅದು ನಾಲ್ವರಿಗೂ ಸಮನಾಗಿ ದೊರೆಯಿತು. ರಿವರ್‌ನ ಕಥೆ ಮಾತ್ರ ಇದ್ದಷ್ಟೇ ಉಳಿಯಿತು.